ದಾಸಪ್ಪ ಮಗಳಿಗೆ ಟ್ರಸ್ಟಿ ನೋಡಿದ್ದು

ನಮ್ಮ ದಾಸಪ್ಪನ ಬಗ್ಗೆ ರಾಮನಗರದಲ್ಲಿ ಯಾರನ್ನೇ ಕೇಳಿ, "ಒಳ್ಳೇ ಮನುಷ್ಯ, ವಿಚಾರಣೆ ಮಾತ್ರ ಜಾಸ್ತಿ" ಅನ್ನುತ್ತಾರೆ. ಹೊಸ ಕುಕ್ಕರ್ ಕೊಳ್ಳಬೇಕೆಂದು ಮಾಗಡಿಯಲ್ಲಿ ರೇಟು ಕೇಳಿ, ಚನ್ನಪಟ್ಟಣದಲ್ಲಿ ಗ್ಯಾರಂಟಿ ಕೇಳಿ, ಕನಕಪುರಕ್ಕೆ ಹೋಗಿ ಬಾಮೈದನ ಮನೆಯ ಕುಕ್ಕರ್ ಕೂಗುವುದನ್ನು ಕಿವಿಯಾರೆ ಕೇಳಿ ಬಂದವನು. ಅಷ್ಟರಲ್ಲಿ ಅವನ ಹೆಂಡತಿ ಸಿದ್ದಮ್ಮ ಹಳೇ ಕುಕ್ಕರಿಗೇ ಹೊಸ ರಬ್ಬರ್ ಹಾಕಿಸಿ ಸಾರು ಮಾಡಿ ಮುಗಿಸಿದ್ದಳು.

ತಪ್ಪು ಅವನದಲ್ಲ. ಬೈರಮಂಗಲದ ಕಡೆ ಇದ್ದ ಜಮೀನು ಕಾರ್ಖಾನೆಗೆ ಹೋಯಿತು. ಬಂದ ದುಡ್ಡಿನಲ್ಲಿ ರಾಮನಗರದಲ್ಲಿ ಸಾಲಾಗಿ ಮಳಿಗೆ ಕಟ್ಟಿಸಿ ಬಾಡಿಗೆಗೆ ಬಿಟ್ಟ. ತಿಂಗಳ ಮೊದಲಿಗೆ ಬಾಡಿಗೆ ವಸೂಲಿ ಮಾಡಿದರೆ ಮುಗಿಯಿತು, ಉಳಿದ ದಿನವೆಲ್ಲ ಮನುಷ್ಯ ಏನು ಮಾಡಬೇಕು? ವಿಚಾರಿಸುತ್ತಾನೆ. ಆ ಮಳಿಗೆಗಳಲ್ಲಿ ಒಂದರಲ್ಲಿ ನನ್ನ ಜೆರಾಕ್ಸ್ ಅಂಗಡಿ ಇದೆ. ಅವನ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತು ವಿಚಾರಣೆಗೆ ಹೋಗುವುದೂ ಬಾಡಿಗೆ ಕರಾರಿನಲ್ಲೇ ಸೇರಿದೆ ಎಂದು ದಾಸಪ್ಪ ನಂಬಿದ್ದ. ನಾನೂ ಬಾಡಿಗೆ ಏರಿಸದೆ ಇರಲಿ ಎಂದು ನಂಬಿದವನಂತೆ ಇದ್ದೆ.

ದಾಸಪ್ಪನಿಗೆ ಒಬ್ಬಳೇ ಮಗಳು, ಭಾನುಪ್ರಿಯ. ಇಪ್ಪತ್ತು ದಾಟಿದ ಹುಡುಗಿ. ಹುಟ್ಟಿನಿಂದ ಡೌನ್ ಸಿಂಡ್ರೋಮ್; ಮಾತು ಸ್ವಲ್ಪ ತೊದಲು, ಕಲಿಯುವುದು ನಿಧಾನ, ದುಡ್ಡಿನ ವ್ಯವಹಾರ ಕೈಗೆ ಹತ್ತದು. ಆದರೆ ಅಧಿಕಾರ ಚಲಾಯಿಸುವುದರಲ್ಲಿ ನಿಧಾನ ಎಂಬುದೇ ಇಲ್ಲ. ಬೆಳಿಗ್ಗೆ ಬೀದಿಗಿಳಿದರೆ ಸಿಕ್ಕವರನ್ನೆಲ್ಲ ನಿಲ್ಲಿಸಿ "ತಿಂಡಿ ಆಯ್ತಾ?" ಎಂದು ಕೇಳುತ್ತಾಳೆ. ಆಗಿಲ್ಲ ಎಂದವರನ್ನು ಕೈಹಿಡಿದು ಅವರವರ ಮನೆಗೆ ವಾಪಸ್ ಬಿಟ್ಟು ಬರುತ್ತಾಳೆ. ಇವಳಿಂದಾಗಿ ನಮ್ಮ ಬೀದಿಯ ಲೈನ್‌ಮ್ಯಾನ್ ಹಸಿದ ಹೊಟ್ಟೆಯಲ್ಲಿ ಕಂಬ ಹತ್ತುವುದನ್ನೇ ಬಿಟ್ಟ.

ಆಮೇಲೆ ಪಕ್ಕದ ಫಿರೋಜಾಳ ಮನೆಗೆ ಹೋಗುತ್ತಾಳೆ. ಫಿರೋಜಾ ಮತ್ತು ಅವಳ ಗಂಡ ಖಾಸಿಂ ರೇಷ್ಮೆಗೂಡಿನಿಂದ ನೂಲು ತೆಗೆಯುವವರು. ಅಲ್ಲಿ ಭಾನುಪ್ರಿಯ ಗೂಡು ಆರಿಸುತ್ತಾಳೆ. ಒಳ್ಳೇ ಗೂಡು ಒಂದು ಬುಟ್ಟಿಗೆ, ಕಲೆಯಾದದ್ದು ಇನ್ನೊಂದು ಬುಟ್ಟಿಗೆ. ಮನಸ್ಸು ಬಂದ ದಿನ ಎರಡೂ ಒಂದೇ ಬುಟ್ಟಿಗೆ. ಫಿರೋಜಾ ಅದಕ್ಕೆ ಸಂಬಳವನ್ನೂ ಕೊಡುತ್ತಾಳೆ, ಬೈಗಳವನ್ನೂ ಕೊಡುತ್ತಾಳೆ. ಭಾನುಪ್ರಿಯ ಎರಡನ್ನೂ ತಂದು ಅಪ್ಪನಿಗೆ ಒಪ್ಪಿಸುತ್ತಾಳೆ.

ದಾಸಪ್ಪನಿಗೆ ಇದ್ದದ್ದು ಒಂದೇ ಚಿಂತೆ. ತಾನೂ ಸಿದ್ದಮ್ಮನೂ ಹೋದ ಮೇಲೆ ಈ ಹುಡುಗಿಗೆ ಯಾರು? ಮಳಿಗೆ ಅವಳ ಹೆಸರಿಗೆ ಬರೆದರೆ ಯಾರೋ ಒಬ್ಬ ಚಾಕೊಲೇಟ್ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾನೆ. ನೆಂಟರ ಹೆಸರಿಗೆ ಬರೆದರೆ ಚಾಕೊಲೇಟಿನ ಖರ್ಚೂ ಇಲ್ಲ. ಹೀಗೆ ಕೊರಗುತ್ತಿದ್ದವನನ್ನು ನಾನೇ ಕೋರ್ಟ್ ರಸ್ತೆಯ ಲಾಯರಮ್ಮನ ಹತ್ತಿರ ಕರೆದುಕೊಂಡು ಹೋದೆ.

ಲಾಯರಮ್ಮ ಬಿಡಿಸಿ ಹೇಳಿದರು. "ಮಗಳ ಹೆಸರಲ್ಲಿ ಒಂದು ಟ್ರಸ್ಟ್ ಮಾಡಿ ದಾಸಪ್ಪನವರೇ. ಮಳಿಗೆ, ಬ್ಯಾಂಕಿನ ದುಡ್ಡು ಎಲ್ಲ ಆ ಟ್ರಸ್ಟ್ ಹೆಸರಿಗೆ. ನೀವಿರೋವರೆಗೂ ನೀವೇ ನೋಡ್ಕೊಳ್ಳಿ. ನಿಮ್ಮ ನಂತರ ಟ್ರಸ್ಟಿ ಅಂತ ಒಬ್ಬರು ನೋಡ್ಕೋತಾರೆ. ಆ ಬಾಡಿಗೆ ಅವಳ ಊಟ, ಬಟ್ಟೆ, ಔಷಧಿಗೆ ಬಿಟ್ಟು ಬೇರೆ ಯಾವುದಕ್ಕೂ ಹೋಗೋ ಹಾಗಿಲ್ಲ. ಆಸ್ತಿ ಮಾರೋ ಹಾಗೂ ಇಲ್ಲ."

"ಆ ಟ್ರಸ್ಟಿ ಯಾರಾಗ್ಬೇಕು ಮೇಡಂ?"

"ಅದೇ ಮುಖ್ಯ. ನಿಮಗಿಂತ ಚಿಕ್ಕವರಾಗಿರ್ಬೇಕು, ಪ್ರಾಮಾಣಿಕರಾಗಿರ್ಬೇಕು. ಆತುರ ಬೇಡ. ಮಗಳಿಗೆ ಗಂಡು ನೋಡುವಾಗ ಹೇಗೆ ವಿಚಾರಿಸ್ತೀರಿ, ಹಾಗೆ ವಿಚಾರಿಸಿ. ಸುಮ್ಮನೆ ಎಲ್ಲರ ಹತ್ರ ಹೇಳ್ಕೊಂಡು ತಿರುಗಬೇಡಿ, ಆಸ್ತಿ ವಿಚಾರ."

ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ವಿಚಾರಿಸುವುದೇ ಹುಟ್ಟುಗುಣವಾದ ಮನುಷ್ಯನಿಗೆ ಕಾನೂನು ಬಲ್ಲವರೇ ವಿಚಾರಿಸು ಎಂದುಬಿಟ್ಟರು! ದಾಸಪ್ಪ ಆಫೀಸಿನ ಮೆಟ್ಟಿಲಿಳಿಯುವಾಗ ಎದೆ ಉಬ್ಬಿಸಿಕೊಂಡು, "ನೋಡ್ಲಾ ಜೆರಾಕ್ಸು, ಈ ಬೀದೀಲಿ ಮಗಳಿಗೆ ಟ್ರಸ್ಟ್ ಮಾಡ್ತಿರೋನು ನಾನೇ ಮೊದ್ಲು. ಬಾಯಿ ಬುಟ್ಟೀಯ ಮತ್ತೆ!" ಅಂದ.

ನಮ್ಮ ಕಡೆ ಗಂಡು ವಿಚಾರಿಸುವುದಕ್ಕೆ ಒಂದು ಪದ್ಧತಿ ಇದೆ. ಗಂಡಿನ ಮನೆಗೆ ಹೋಗಬಾರದು. ಅವನ ಊರಿಗೆ ಹೋಗಬೇಕು. ಟೀ ಅಂಗಡಿ, ಕಟಿಂಗ್ ಶಾಪು, ಫ್ಲೋರ್ ಮಿಲ್ಲು, ಈ ಮೂರು ಕಡೆ ಕೂತು, ಏನೂ ಗೊತ್ತಿಲ್ಲದವರಂತೆ ಮಾತು ತೆಗೆಯಬೇಕು. ಊರಿನವರೂ ಏನೂ ಗೊತ್ತಾಗದವರಂತೆ ಉತ್ತರ ಕೊಡುತ್ತಾರೆ. ಎಲ್ಲರಿಗೂ ಎಲ್ಲವೂ ಗೊತ್ತಿರುತ್ತದೆ.

ದಾಸಪ್ಪ ಕಣ್ಣಿಟ್ಟದ್ದು ಸೋಲೂರು ಕಡೆಯ ಒಂದು ಹಳ್ಳಿಯ ಡೇರಿ ಸೆಕ್ರೆಟರಿ ರಾಮಲಿಂಗಯ್ಯನ ಮೇಲೆ. ಸ್ವಂತ ಅಕ್ಕ ತಂದ ಹಾಲಿನಲ್ಲಿ ನೀರು ಕಂಡುಹಿಡಿದು, ಜನರೆದುರಿಗೇ ಕ್ಯಾನು ವಾಪಸ್ ಕಳಿಸಿದ್ದನೆಂದು ಅವನ ಖ್ಯಾತಿ. ವಯಸ್ಸು ನಲವತ್ತೈದರ ಮೇಲೆ. ಮದುವೆಯಾಗಿಲ್ಲ. "ಹೆಂಡ್ತಿ ಮಕ್ಕಳಿಲ್ಲ ಅಂದ್ಮೇಲೆ ನಮ್ ಭಾನು ದುಡ್ಡಿನ ಮೇಲೆ ಯಾರ ಕಣ್ಣೂ ಬೀಳಲ್ಲ" ಎಂಬುದು ದಾಸಪ್ಪನ ಲೆಕ್ಕಾಚಾರ. ಕೇಳಿದರೆ ಯಾರಿಗಾದರೂ ಸರಿಯೆನಿಸುತ್ತದೆ, ನನಗೂ ಸರಿಯೆನಿಸಿತು.

ಆ ಹಳ್ಳಿಯ ಕಟಿಂಗ್ ಶಾಪಿನಲ್ಲಿ ದಾಸಪ್ಪ ಬೇಡದ ಗಡ್ಡ ಹೆರೆಸಿಕೊಳ್ಳುತ್ತ ಶುರು ಮಾಡಿದ.

"ಈ ಡೇರಿ ಸೆಕ್ರೆಟರಿ ಹೆಂಗೆ ಮನುಷ್ಯ?"

ಕ್ಷೌರಿಕ ಕತ್ತಿಯನ್ನು ಗಾಳಿಯಲ್ಲೇ ನಿಲ್ಲಿಸಿದ. "ಯಾವ ವಿಚಾರಕ್ಕೆ?"

"ಸುಮ್ಕೆ ಕೇಳ್ದೆ. ಕುಡಿಯೋದು, ಇಸ್ಪೀಟು ಏನಾರ?"

"ರಾಮಲಿಂಗಣ್ಣನಾ? ಕಾಫೀನೂ ಒಸಿ ಯೋಚ್ನೆ ಮಾಡಿ ಕುಡಿಯೋನು."

"ಮದ್ವೆ ಯಾಕೆ ಆಗ್ಲಿಲ್ಲ?"

"ಹೆಣ್ ಕೊಡಕ್ ಬಂದೋರ ಮನೆ ಹಾಲೆಲ್ಲ ಡೇರೀಲಿ ವಾಪಸ್ ಕಳಿಸ್ಬುಟ್ಟ. ಇನ್ಯಾರು ಕೊಟ್ಟಾರು?"

"ಅವ್ರಪ್ಪ ಎಷ್ಟು ವರ್ಷ ಬದುಕಿದ್ರು?"

"ತೊಂಬತ್ತು ಮುಟ್ಟಿದ್ರು."

ದಾಸಪ್ಪನ ಮುಖ ಅರಳಿತು. ತಾನು ಸತ್ತ ಮೇಲೂ ಬಹಳ ಕಾಲ ಬದುಕುವ ಟ್ರಸ್ಟಿ! ಸೋಪಿನ ನೊರೆಯಲ್ಲೇ ನನ್ನ ಕಡೆ ತಿರುಗಿ, "ಗಟ್ಟಿ ವಂಶ ಕಣ್ಲಾ" ಅಂದ. ಕ್ಷೌರಿಕ ನಿಧಾನವಾಗಿ, "ಹೆಣ್ ಕಡೆಯವ್ರಾ?" ಎಂದು ಕೇಳಿದ. ದಾಸಪ್ಪ ಸುಳ್ಳು ಹೇಳುವವನಲ್ಲ. "ನನ್ ಮಗಳ ವಿಚಾರಾನೇ ಅನ್ಕೊಳ್ಳಿ" ಎಂದು ಫೋನ್ ನಂಬರ್ ಕೊಟ್ಟು ಬಂದ.

ಮಾರನೇ ದಿನ ರಾಮಲಿಂಗಯ್ಯನ ಅಕ್ಕ ಫೋನ್ ಮಾಡಿದಳು. ದಾಸಪ್ಪ ನನ್ನ ಅಂಗಡಿಯಲ್ಲಿದ್ದ. ಸ್ಪೀಕರ್ ಹಾಕಿದ.

"ನಮ್ ರಾಮಲಿಂಗನ ವಿಚಾರ ಕೇಳ್ಕೊಂಡ್ ಹೋದ್ರಂತೆ?"

"ಹೌದು ತಾಯಿ. ನನ್ ಮಗಳ ಜವಾಬ್ದಾರಿ ಅವ್ರ ಕೈಗೆ ಒಪ್ಪಿಸ್ಬುಡೋಣ ಅಂತ. ಮಗೀಗೆ ಬುದ್ಧಿ ಒಸಿ ನಿಧಾನ, ಮೊದ್ಲೇ ಹೇಳ್ಬುಡ್ತೀನಿ. ಮನಸ್ಸು ಮಾತ್ರ ಬಂಗಾರ."

"ಆಗ್ಲಿ. ನಮ್ಮೋನಿಗೂ ವಯಸ್ಸಾಯ್ತು."

"ಆಗ್ಲಿ ಬುಡಿ ತಾಯಿ, ನನಗಿಂತ ಚಿಕ್ಕೋರು, ಅಷ್ಟೇ ಸಾಕು."

"ಕೊಡೋದು ಬಿಡೋದು ಹೆಂಗೆ?"

"ಮಳಿಗೆ, ಬ್ಯಾಂಕಿಂದು, ಎಲ್ಲಾ ಅವ್ರ ಕೈಗೇ. ನಾನು ತಲೆ ಹಾಕಲ್ಲ."

"ಹಂಗಾದ್ರೆ ಭಾನುವಾರ ಹುಡುಗೀನ ನೋಡಕ್ ಬತ್ತೀವಿ."

ಫೋನ್ ಇಟ್ಟ ದಾಸಪ್ಪನ ಕಣ್ಣಲ್ಲಿ ನೀರು. "ನೋಡ್ದೇನ್ಲಾ! ಮಗೀನ ಕಣ್ಣಾರೆ ನೋಡೇ ಒಪ್ಕತೀವಿ ಅಂತಾರೆ. ಎಂಥಾ ಜವಾಬ್ದಾರಿ!" ನನಗೆ ಒಂದು ಅನುಮಾನ ಬಂತು. ಹೇಳೋಣ ಎಂದುಕೊಂಡೆ. ಅಷ್ಟರಲ್ಲಿ ಯಾರೋ ಆಧಾರ್ ಕಾರ್ಡ್ ಹಿಡಿದು ಜೆರಾಕ್ಸಿಗೆ ಬಂದರು, ವ್ಯಾಪಾರ ಮುಖ್ಯ.

ಸಿದ್ದಮ್ಮನಿಗೆ ದಾಸಪ್ಪ, "ಟ್ರಸ್ಟಿಯೋರು ನಮ್ ಭಾನುನ ನೋಡಕ್ ಬತ್ತಾವ್ರೆ, ಉಪ್ಪಿಟ್ಟು ಕೇಸರಿಬಾತು ಮಾಡು, ಮಗೀಗೆ ಒಳ್ಳೇ ಸೀರೆ ಉಡ್ಸು" ಎಂದ. ಗಂಡ ಇಷ್ಟು ವರ್ಷ ವಿಚಾರಿಸಿದ್ದರಲ್ಲಿ ಮನೆಗೆ ಬಂದ ಮೊದಲನೇ ಫಲಿತಾಂಶ ಇದು ಎಂದು ಅವಳೂ ಉತ್ಸಾಹದಿಂದ ರವೆ ಹುರಿದಳು. ಭಾನುಪ್ರಿಯ ಮಾತ್ರ ಬೀದಿಗೆ ಹೋಗಿ ಸಿಕ್ಕಸಿಕ್ಕವರನ್ನು ನಿಲ್ಲಿಸಿ, "ತಿಂಡಿ ಆಯ್ತಾ? ನನ್ನ ನೋಡಕ್ ಬತ್ತಾರೆ! ಸೀರೆ!" ಎಂದು ಸಾರಿದಳು.

ಬೀದಿ ಬೆಚ್ಚಿಬಿದ್ದಿತು. ವಿಷಯ ಬಸ್ಸಿಗಿಂತ ಮುಂಚೆ ಕನಕಪುರ ಮುಟ್ಟಿತು. ಅಲ್ಲಿ ಸಿದ್ದಮ್ಮನ ತಮ್ಮ ಮಧುಕುಮಾರ್ ಇದ್ದ. ಪಕ್ಕದ ಮನೆಗೆ ಹೋಗಲಿಕ್ಕೆ ಬಸ್ಸೂ ಬೇಕಿರಲಿಲ್ಲ. ಅಲ್ಲಿ ಫಿರೋಜಾ ಇದ್ದಳು.

ಭಾನುವಾರ ಬಂತು. ರಾಮಲಿಂಗಯ್ಯ ಕಾರಿನಿಂದ ಇಳಿದ. ಹೊಸ ಪಂಚೆಯ ಮೇಲೆ ಅಂಗಡಿಯ ಸ್ಟಿಕ್ಕರ್ ಹಾಗೇ ಇತ್ತು. ಕೂದಲು ಕಾಡಿಗೆ ಕಪ್ಪು, ಗಡ್ಡವನ್ನು ಮರೆತಿದ್ದ. ಹಿಂದೆ ಅವನ ಅಕ್ಕ ತಟ್ಟೆಯಲ್ಲಿ ಬಾಳೆಹಣ್ಣು, ಹೂವು, ತೆಂಗಿನಕಾಯಿ ಹಿಡಿದು ಬಂದಳು. ದಾಸಪ್ಪ ನನ್ನ ಪಕ್ಕೆ ತಿವಿದು, "ಟ್ರಸ್ಟಿ ಆಗೋಕೆ ಹಣ್ಣುಕಾಯಿ ತಂದವ್ರೆ ಕಣ್ಲಾ! ಇದಪ್ಪ ಸಂಸ್ಕಾರ!" ಅಂದ.

ಭಾನುಪ್ರಿಯ ಸೀರೆ ಉಟ್ಟು ಕಾಫಿ ತಂದಳು. ಎಲ್ಲರಿಗೂ ಕೊಟ್ಟು, ರಾಮಲಿಂಗಯ್ಯನ ಎದುರಿಗೇ ಕುರ್ಚಿ ಎಳೆದುಕೊಂಡು ಕೂತಳು.

"ತಿಂಡಿ ಆಯ್ತಾ?"

"ಆಯ್ತಮ್ಮ" ಎಂದ ರಾಮಲಿಂಗಯ್ಯ, ನಾಚಿಕೊಂಡು.

"ಕೂದ್ಲು ಕರ್ರಗೈತೆ. ಗಡ್ಡ ಯಾಕೆ ಬೆಳ್ಳಗೈತೆ?"

ಅಕ್ಕ ಮಾತು ತೇಲಿಸಿದಳು. "ಹುಡುಗಿ ಲಕ್ಷಣವಾಗವ್ಳೆ. ನಮಗೆ ಒಪ್ಗೆ. ದಿನ ಯಾವತ್ತಿಟ್ಕೊಳ್ಳೋಣ?"

"ದಿನ ಗಿನ ಯಾಕೆ ತಾಯಿ? ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಹೋಗಿ ಸೈನ್ ಹಾಕಿದ್ರಾಯ್ತು."

"ಛತ್ರ ಬ್ಯಾಡ್ವಾ?"

"ಛತ್ರ ಯಾಕೆ?" ಎಂದು ದಾಸಪ್ಪ ನಿಜವಾಗಿ ಆಶ್ಚರ್ಯಪಡುವಷ್ಟರಲ್ಲಿ ಬಾಗಿಲು ದಢಾರನೆ ತೆರೆಯಿತು. ಮಧುಕುಮಾರ್! ಬೆವರಿನಲ್ಲಿ ಮುಳುಗಿದ್ದ.

"ಏನ್ ಭಾವ ಇದು? ಸೋದರಮಾವ ಬದುಕಿವ್ನಿ! ನನ್ನ ಕರೀದೆ ಹೆಣ್ ತೋರಿಸ್ತೀರಾ? ಮುಖ್ಯವಾದ್ ಸೀಟಲ್ಲಿ ಕೂರ್ಬೇಕಾದೋನು ನಾನು! ಕನಕಪುರದಲ್ಲಿ ತಲೆ ಎತ್ಕೊಂಡು ತಿರುಗೋದು ಹೆಂಗೆ?"

"ಯಾವ ಸೀಟ್ಲಾ?" ಎಂದ ದಾಸಪ್ಪ.

ಮಧುಕುಮಾರ್ ಇನ್ನೂ ಸೀಟಿನ ವಿಚಾರದಲ್ಲಿರುವಾಗಲೇ ಅವನನ್ನು ಪಕ್ಕಕ್ಕೆ ತಳ್ಳಿ ಫಿರೋಜಾ ಒಳಗೆ ಬಂದಳು. ಬಿಸಿನೀರಿನಲ್ಲಿ ಗೂಡು ಬಿಡಿಸುತ್ತಿದ್ದವಳು ಹಾಗೇ ಎದ್ದು ಬಂದಿದ್ದಳು. ಬೆರಳುಗಳು ಬಿಳುಚಿ ಸುಕ್ಕಾಗಿದ್ದವು. ಹಿಂದೆ ಖಾಸಿಂ ಅವಳ ಚಪ್ಪಲಿ ಹಿಡಿದುಕೊಂಡು ಬಂದು ಹೊಸ್ತಿಲಲ್ಲೇ ನಿಂತ.

"ದಾಸಪ್ಪಣ್ಣ! ನಿಮ್ಗೆ ಅಲ್ಲಾ ಒಳ್ಳೇ ಬುದ್ಧಿ ಕೊಟ್ಟವ್ನೆ ಅನ್ಕೊಂಡಿದ್ದೆ. ಈ ಹುಡುಗೀನ ಕೇಳಿದ್ರಾ ನೀವು? ಅವಳಪ್ಪನ ವಯಸ್ಸಿನವ್ರಿಗೆ ಕಟ್ತೀರಾ? ಭಾರ ಆದ್ಲಾ ನಿಮ್ಗೆ?"

"ಫಿರೋಜಮ್ಮ, ಒಸಿ ಕೇಳಿ..."

"ನಾನ್ಯಾಕೆ ಕೇಳ್ಬೇಕು? ನೀವು ಕೇಳಿ! ಭಾರ ಆಗಿದ್ರೆ ಈಗ್ಲೇ ಹೇಳಿ, ನಮ್ಮನೇಗ್ ಕರ್ಕೊಂಡ್ ಹೋಗ್ತೀನಿ. ನಾವೇನ್ ತಿಂತೀವೋ ಅದು ತಿಂತಾಳೆ. ದಿನಾ ಗೂಡೆಲ್ಲ ಒಂದೇ ಬುಟ್ಟಿಗೆ ಹಾಕಿದ್ರೂ ನಾನೇ ಬೈದು ನಾನೇ ಆರಿಸ್ಕೋತೀನಿ. ಯಾರೋ ಸೋಲೂರವ್ರ ಮನೇಲಿ ಇವಳು ಅತ್ರೆ ನಮ್ಗೆ ಕೇಳ್ಸುತ್ತಾ ಹೇಳಿ? ಇಲ್ಲಿ ಅತ್ರೆ ಕೇಳ್ಸುತ್ತೆ!"

ಮಧುಕುಮಾರ ಸೀಟು ಮರೆತ. ಭಾನುಪ್ರಿಯ ಹೋಗಿ ಫಿರೋಜಾಳ ಒದ್ದೆ ಕೈ ಹಿಡಿದು, "ಅಕ್ಕ, ತಿಂಡಿ ಆಯ್ತಾ?" ಎಂದಳು. ಫಿರೋಜಾ, "ಇಲ್ಲ, ಸುಮ್ನಿರೇ" ಎಂದು ಗದರಿ ಅಳತೊಡಗಿದಳು.

ಇಷ್ಟಕ್ಕೇ ಮುಗಿಯಲಿಲ್ಲ. ಫಿರೋಜಾ ಬರುವ ಮುಂಚೆಯೇ ಸಹಾಯವಾಣಿಗೆ ಫೋನ್ ಮಾಡಿದ್ದಳು. ಮಹಿಳಾ ಇಲಾಖೆಯ ಮೇಡಂ ಒಬ್ಬರು ಪೊಲೀಸಿನವನ ಜೊತೆ ಬಂದರು. ಪೊಲೀಸಿನವನು ಕೇಸರಿಬಾತು ನೋಡಿ ಅಲ್ಲೇ ಸ್ವಲ್ಪ ಮೃದುವಾದ. ಮೇಡಂ ಮೃದುವಾಗುವವರಾಗಿರಲಿಲ್ಲ. ಎಲ್ಲರನ್ನೂ ಸುಮ್ಮನಿರಿಸಿ ಭಾನುಪ್ರಿಯಳನ್ನೇ ಕೇಳಿದರು.

"ಹೇಳಮ್ಮ, ಈ ಮದುವೆ ನಿನಗೆ ಇಷ್ಟ ಇದೆಯಾ?"

ಭಾನುಪ್ರಿಯ ಯೋಚಿಸಿದಳು. "ಸೀರೆ ಇಷ್ಟ" ಎಂದಳು. ಆಮೇಲೆ ರಾಮಲಿಂಗಯ್ಯನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಈ ತಾತ ಬ್ಯಾಡ. ಬ್ಯಾರೆಯೋರು ಬಂದ್ರೆ ನೋಡಣ" ಎಂದಳು.

"ಮದ್ವೆನಾ?" ಎಂದು ಆಗ ಕೂಗಿದವನು ದಾಸಪ್ಪ. "ಯಾರ್ ಮದ್ವೆ?"

ಆ ಮನೆಯಲ್ಲಿ ಅಷ್ಟು ಹೊತ್ತಿಗೆ ಈ ಪ್ರಶ್ನೆ ಕೇಳಬಹುದಾದವನು ಅವನೊಬ್ಬನೇ ಉಳಿದಿದ್ದ. ಎಲ್ಲರೂ ಒಟ್ಟಿಗೆ ಹೇಳಿದರು. ಅವನ ಮುಖದ ಬಣ್ಣ ಇಳಿಯಿತು. ಮಂಚದ ಕೆಳಗಿನಿಂದ ಚೀಲ ಎಳೆದು, ಲಾಯರಮ್ಮ ಬರೆಸಿಕೊಟ್ಟ ಕಾಗದವನ್ನು ಮೇಡಂಗೆ ಕೊಟ್ಟ.

"ಟ್ರಸ್ಟ್ ಮೇಡಂ. ನಾನೂ ಇವಳವ್ವನೂ ಹೋದ್ಮೇಲೆ ಇವಳ ದುಡ್ಡು ಇವಳ ಹೊಟ್ಟೆಗೇ ಸೇರ್ಲಿ ಅಂತ. ನೋಡ್ಕೊಳ್ಳಕ್ಕೆ ಒಬ್ರು ನಿಯತ್ತಿನ ಮನುಷ್ಯ ಬೇಕಿತ್ತು. ಗಂಡ್ ನೋಡ್ದಂಗೆ ವಿಚಾರ್ಸು ಅಂದ್ರು, ವಿಚಾರ್ಸಿದೆ. ಭಾರ ಅಂತೆ! ನನ್ ಮಗಳು ನನಗೆ ಭಾರಾನಾ? ಅವಳು ಹುಟ್ಟಿದ್ಮೇಲೇನೇ ನಾನು ಮನುಷ್ಯ ಅನ್ನಿಸ್ಕೊಂಡಿದ್ದು." ಅಷ್ಟು ಹೇಳಿ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ.

ಮೇಡಂ ಕಾಗದ ಪೂರ್ತಿ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. "ನನ್ನ ಸರ್ವೀಸಿನಲ್ಲಿ ಇಂಥಾ ಕಂಪ್ಲೇಂಟಿಗೆ ಬಂದು ಖುಷಿಯಾಗಿ ವಾಪಸ್ ಹೋಗ್ತಿರೋದು ಇದೇ ಮೊದಲು" ಎಂದು ಒಂದು ಪ್ಲೇಟು ಉಪ್ಪಿಟ್ಟು ತೆಗೆದುಕೊಂಡರು. ಇಲಾಖೆಯೇ ತೆಗೆದುಕೊಂಡ ಮೇಲೆ ಪೊಲೀಸಿನವನು ಕೇಸರಿಬಾತಿಗೆ ಕೈಹಾಕಿದ.

ರಾಮಲಿಂಗಯ್ಯನ ಅಕ್ಕ ಹಣ್ಣಿನ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಅಂದ್ರೆ ಹೆಣ್ಣು ಇಲ್ವಾ? ಲೆಕ್ಕ ಬರೆಯೋ ಕೆಲ್ಸಾನಾ?"

ಮಧುಕುಮಾರನ ಕೋಪ ಮಾತ್ರ ಎತ್ತಲೋ ಮಾಯವಾಗಿತ್ತು. ಮುಖದ ತುಂಬ ಪ್ರೀತಿ ತುಂಬಿಕೊಂಡು ಮುಂದೆ ಬಂದ. "ಅಯ್ಯೋ ಭಾವ, ಇದಕ್ಕೆ ಊರೂರು ಸುತ್ಬೇಕಿತ್ತಾ? ಮನೇಲೇ ಸೋದರಮಾವ ಇವ್ನಿ. ಆ ಟ್ರಸ್ಟಿ ಅನ್ನೋ ಜಾಗಕ್ಕೆ ನನ್ನ ಹೆಸ್ರು ಬರ್ಕೊಳ್ಳಿ. ಎಷ್ಟು ಮಳಿಗೆ ಅಂದ್ರಿ?"

ದಾಸಪ್ಪ ಟವೆಲ್ ಇಳಿಸಿ ಅವನನ್ನು ನೋಡಿದ. ನನಗೆ ಗೊತ್ತಿದ್ದ ದಾಸಪ್ಪ ಈಗ "ವಿಚಾರ್ಸಿ ಹೇಳ್ತೀನಿ" ಅನ್ನಬೇಕಿತ್ತು. ಅನ್ನಲಿಲ್ಲ. ಎದ್ದು ಹೋಗಿ ಫಿರೋಜಾಳ ಮುಂದೆ ಕೈಮುಗಿದು ನಿಂತ.

"ಫಿರೋಜಮ್ಮ, ನೀವೇ ಆಗ್ಬೇಕು."

ಫಿರೋಜಾ ಕಣ್ಣೊರೆಸಿಕೊಳ್ಳುವುದನ್ನು ಮರೆತಳು. "ಯಾ ಅಲ್ಲಾ! ನಾನಾ? ನಂಗೆ ಲೆಕ್ಕ ಪಕ್ಕ ಬರಲ್ಲಣ್ಣ. ಬ್ಯಾಂಕಲ್ಲಿ ಚಲನ್ ತುಂಬಕ್ಕೂ ಇವ್ರೇ ಬೇಕು" ಎಂದು ಹೊಸ್ತಿಲಲ್ಲಿದ್ದ ಖಾಸಿಂನನ್ನು ತೋರಿಸಿದಳು. ಖಾಸಿಂ ಚಪ್ಪಲಿ ಹಿಡಿದ ಕೈಯನ್ನೇ ಎತ್ತಿ, "ನಮ್ದೇನೂ ಅಭ್ಯಂತರ ಇಲ್ಲ" ಎಂದ. ಅವನು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಆಗ ರಾಮಲಿಂಗಯ್ಯ ಎದ್ದು ನಿಂತ. ಪಂಚೆಯ ಸ್ಟಿಕ್ಕರ್ ಆಗತಾನೆ ಕಣ್ಣಿಗೆ ಬಿದ್ದು, ಅದನ್ನು ಕಿತ್ತು ಉಂಡೆ ಮಾಡಿ ಜೇಬಿಗೆ ಹಾಕಿಕೊಂಡ.

"ಲೆಕ್ಕ ನಾನು ನೋಡ್ಕತೀನಿ" ಎಂದ. "ಡೇರೀಲಿ ಜನ್ಮ ಪೂರ್ತಿ ಅದೇ ಮಾಡ್ತಿವ್ನಿ. ಇಬ್ರು ಟ್ರಸ್ಟಿ ಆಗ್ಬೋದಲ್ವಾ ಮೇಡಂ? ದುಡ್ಡು ಎಲ್ಲಿ ಹೋಯ್ತು ಅಂತ ನಾನು ಬರ್ದಿಡ್ತೀನಿ. ಮಿಕ್ಕಿದ್ದು ಈ ತಾಯಿ ನೋಡ್ಕಳ್ಳಿ. ನನ್ನ ಇಷ್ಟು ವರ್ಷದಲ್ಲಿ ಯಾರೂ ಇಷ್ಟು ನಂಬ್ಕೊಂಡು ವಿಚಾರ್ಸಿರ್ಲಿಲ್ಲ. ಅದೇ ನನಗೆ ಸಾಕು." ಅವನ ಅಕ್ಕ ಒಂದು ಕ್ಷಣ ತಮ್ಮನ ಮುಖ ನೋಡಿದಳು. ಆಮೇಲೆ ಹಣ್ಣಿನ ತಟ್ಟೆಯನ್ನು ಮತ್ತೆ ಮುಂದಕ್ಕೆ ತಳ್ಳಿ, ಹೂವನ್ನು ಭಾನುಪ್ರಿಯಳ ಮುಡಿಗೆ ಮುಡಿಸಿದಳು.

ಲಾಯರಮ್ಮ ಕಾಗದ ತಿದ್ದಿ ಕೊಟ್ಟರು. ನಾವು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋದ ದಿನ ನಮ್ಮ ಬೀದಿಯ ಅರ್ಧ ಜನ ಜೊತೆಗೆ ಬಂದಿದ್ದರು. ನಾನು ಅಂಗಡಿಗೆ ಬೀಗ ಹಾಕಿ ಹೋಗಿದ್ದೆ. ಅದು ನನ್ನ ಮಟ್ಟಿಗೆ ಸಣ್ಣ ಮಾತಲ್ಲ. ಮಧುಕುಮಾರನೂ ಬಂದಿದ್ದ, ಸಾಕ್ಷಿ ಸೈನ್ ಹಾಕಲಿಕ್ಕೆ. ಸೋದರಮಾವನಿಗೆ ಮುಂದಿನ ಕುರ್ಚಿಯನ್ನೇ ಕೊಟ್ಟಿದ್ದೆವು.

ಅಧಿಕಾರಿ ಕಾಗದ ತಿರುವಿ ಹಾಕಿ, ಕನ್ನಡಕದ ಮೇಲಿನಿಂದ ಫಿರೋಜಾಳನ್ನೂ ದಾಸಪ್ಪನನ್ನೂ ನೋಡಿದರು.

"ಇವರು ನಿಮಗೆ ಸಂಬಂಧಾನಾ?"

"ಇಲ್ಲ ಸಾರ್."

"ಮತ್ತೆ ಇಷ್ಟೊಂದು ಆಸ್ತಿ ಇವರ ಕೈಗೆ ಬಿಡ್ತಿದೀರಲ್ರೀ. ಇವರ ಬಗ್ಗೆ ಸರಿಯಾಗಿ ವಿಚಾರಿಸಿದೀರಾ?"

ಇಡೀ ಬೀದಿ ದಾಸಪ್ಪನ ಬಾಯಿ ನೋಡಿತು. ಅವನು ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತ.

"ಇಲ್ಲ ಸಾರ್, ಒಬ್ರನ್ನೂ ಕೇಳಿಲ್ಲ" ಎಂದ. "ನನ್ ಮಗಳಿಗೆ ಅನ್ಯಾಯ ಆಯ್ತದೆ ಅಂತ ತಿಳ್ದು, ನನ್ ಮನೇಗೇ ಬಂದು ನನ್ ಮೇಲೇ ಜಗಳಕ್ಕೆ ನಿಂತವ್ರು ಇವ್ರು. ಅವಳಪ್ಪನ್ನೇ ಬುಡ್ಲಿಲ್ಲ. ನಾನು ಹೋದ್ಮೇಲೆ ಇನ್ಯಾರನ್ನ ಬುಟ್ಟಾರು?"

ಅಧಿಕಾರಿ ಮತ್ತೇನೂ ಕೇಳದೆ ಸೀಲು ಎತ್ತಿಕೊಂಡರು.